ಅರಿಶಿನ ದಾರ ಕಟ್ಟಿದ ಕಂಪ್ಯೂಟರ್

ನಮ್ಮೂರಿನಲ್ಲಿ ಯಾವುದಾದರೂ ವಸ್ತು ಇದ್ದಕ್ಕಿದ್ದಂತೆ ನಿಧಾನವಾದರೆ ಜನ ಮೊದಲು ಎಣ್ಣೆ ಹುಡುಕುವುದಿಲ್ಲ. ಅನ್ನಕ್ಕಿಡುವಾಗ ಒಂದು ಹಿಡಿ ಅಕ್ಕಿ ಹೆಚ್ಚು ಹಾಕುತ್ತಾರೆ. ಊರು ಬಿಟ್ಟು ಹೋದವರು ಯಾರೋ ಮರಳಿ ಬರುವ ಮನಸ್ಸು ಗಟ್ಟಿ ಮಾಡಿಕೊಂಡಿದ್ದಾರೆ, ಅವರು ಬಳಸುತ್ತಿದ್ದ ವಸ್ತು ಅವರಿಗಾಗಿ ಕಾಯತೊಡಗಿದೆ ಎಂದು ಅರ್ಥ. ಸೈಕಲ್ಲಾದರೆ ಪೆಡಲ್ ಭಾರವಾಗುತ್ತದೆ. ಬಾವಿಯ ರಾಟೆಯಾದರೆ ಎಷ್ಟು ಜಗ್ಗಿದರೂ ಅರೆಮನಸ್ಸಿನಿಂದ ತಿರುಗುತ್ತದೆ. ಹೋದವರು ಬಂದು ಒಮ್ಮೆ ಕೈಯಿಟ್ಟರೆ ಮುಗಿಯಿತು, ಹಳೆಯ ಚುರುಕು ವಾಪಸ್ಸು ಬರುತ್ತದೆ.

ನನ್ನ ಅಂಗಡಿಯ ಪಕ್ಕದಲ್ಲಿ ಹಿಟ್ಟಿನ ಗಿರಣಿ ನಡೆಸುವ ಸಿದ್ಲಿಂಗಮ್ಮನ ಮನೆಯಲ್ಲಿ ಹಿಂದೊಮ್ಮೆ ಮಗಳ ಹೊಲಿಗೆ ಯಂತ್ರ ಹೀಗೆಯೇ ನಿಧಾನವಾಗಿತ್ತು. ಮಗಳು ಗಂಡನ ಮನೆಯಲ್ಲಿ ಸುಖವಾಗಿದ್ದಾಳೆ ಎಂದೇ ಎಲ್ಲರೂ ತಿಳಿದಿದ್ದೆವು. ಸಿದ್ಲಿಂಗಮ್ಮ ಮಾತ್ರ ಯಂತ್ರದ ಚಕ್ರಕ್ಕೆ ಅರಿಶಿನದ ದಾರ ಕಟ್ಟಿ, ಒಳಮನೆಯ ಮಂಚಕ್ಕೆ ಹೊಸ ಹಾಸಿಗೆ ಹಾಕಿಸಿದಳು. ಆ ವಾರ ಮುಗಿಯುವುದರೊಳಗೆ ಮಗಳು ಒಂದು ಟ್ರಂಕು ಹಿಡಿದು ಬಂದಿಳಿದಳು. ಯಾಕೆ ಬಂದೆ ಎಂದು ಯಾರೂ ಕೇಳಲಿಲ್ಲ. ಊಟ ಮಾಡು ಎಂದರು ಅಷ್ಟೆ.

ದಾರ ಕಟ್ಟುವುದು ನಮ್ಮಲ್ಲಿನ ಪದ್ಧತಿ. ಈ ವಸ್ತು ಕಾಯುತ್ತಿದೆ, ಯಾರೂ ರಿಪೇರಿಗೆ ಕೈ ಹಾಕಬೇಡಿ ಎಂಬುದಕ್ಕೆ ಅದೇ ಗುರುತು. ಕಾಯುವ ವಸ್ತುವನ್ನು ಬಿಚ್ಚಿದರೆ ಹೊರಟವರು ಅರ್ಧ ದಾರಿಯಿಂದಲೇ ಹಿಂದಕ್ಕೆ ಹೋಗುತ್ತಾರೆ ಎಂದು ಹಿರಿಯರು ಹೇಳುತ್ತಾರೆ. ಅವರು ಹೇಳುವ ಇನ್ನೊಂದು ಮಾತೆಂದರೆ, ಊರು ಬಿಟ್ಟವರನ್ನು ಬಾ ಎಂದು ಕರೆಯಬಾರದು. ಬರುವ ಮನಸ್ಸಿದ್ದರೆ ಅವರ ವಸ್ತುವೇ ತಿಳಿಸುತ್ತದೆ. ಅದಕ್ಕೂ ಮುಂಚೆ ಬಾಯಿ ಬಿಟ್ಟು ಕರೆದರೆ ಅದು ಮರ್ಯಾದೆಗೇಡು. ‘ಕರೆಸಿಕೊಂಡು ಬಂದವಳು’ ಎನ್ನುವುದು ನಮ್ಮೂರ ಬೀದಿ ನಲ್ಲಿಯ ಜಗಳಗಳಲ್ಲಿ ಕೊನೆಗೆ ತೆಗೆಯುವ ಬೈಗುಳ.

ಇಂಥ ಊರಿನಲ್ಲಿ ಪಾಲಾಕ್ಷನಾದ ನಾನು ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದೇನೆ. ಒಂದು ಕಡೆ ರಿಪೇರಿ, ಇನ್ನೊಂದು ಕಡೆ ನಾಮಕರಣದಿಂದ ತಿಥಿಯವರೆಗೆ ಎಲ್ಲ ಆಹ್ವಾನ ಪತ್ರಿಕೆಗಳ ಕೆಲಸ. ಬೇರೆ ಊರಿನ ರಿಪೇರಿಯವರಿಗೆ ಕೆಟ್ಟದ್ದನ್ನು ಸರಿ ಮಾಡಿದರೆ ಒಳ್ಳೆಯ ಹೆಸರು. ನನಗೆ ಸರಿ ಮಾಡಿದಾಗೆಲ್ಲ ಶಾಪ. ಯಾಕೆಂದರೆ ನನ್ನ ಹತ್ತಿರ ಬರುವವರು ಕಂಪ್ಯೂಟರನ್ನು ಮೇಜಿನ ಮೇಲಿಟ್ಟು, ಇದು ಕೆಟ್ಟಿಲ್ಲ ಎಂದು ನಾನು ಹೇಳಲಿ ಎಂದು ಕಾಯುತ್ತಾರೆ. ಕೆಟ್ಟಿಲ್ಲ ಎಂದರೆ ಯಾರೋ ಬರುತ್ತಿದ್ದಾರೆ ಎಂದಾಯಿತಲ್ಲ. ಆದರೆ ಹತ್ತಕ್ಕೆ ಒಂಬತ್ತು ಕೆಟ್ಟೇ ಇರುತ್ತವೆ. ಹಾಲಸ್ವಾಮಿ ಮೇಷ್ಟ್ರು ಜಗಳವಾಡಿ ಹೋದ ತಮ್ಮ ಬರುತ್ತಾನೆಂದು ಮುಂದಿನ ಕೋಣೆಗೆ ಸುಣ್ಣ ಹೊಡೆಸಿದ್ದರು. ಆ ತಮ್ಮ ಬಳಸುತ್ತಿದ್ದ ಕಂಪ್ಯೂಟರನ್ನು ಪರೀಕ್ಷೆ ಮಾಡಿ ನೋಡಿದರೆ, ಆನ್ ಮಾಡುತ್ತಲೇ ತಾವಾಗಿ ತೆರೆದುಕೊಳ್ಳುವ ಒಂದು ರಾಶಿ ಬೇಡದ ಪ್ರೋಗ್ರಾಮುಗಳು. ಎಲ್ಲ ತೆಗೆದುಹಾಕಿದ ಮೇಲೆ ಚಕ್ಕನೆ ಎದ್ದು ಕೂತಿತು. ಮೇಷ್ಟ್ರು ಇನ್ನೊಂದು ಸಲ ನೋಡಪ್ಪ ಎಂದರು. ನೋಡಿದೆ. ಮತ್ತೂ ಬೇಗ ಎದ್ದಿತು. ಅವರು ಅದನ್ನು ಎದೆಗವಚಿಕೊಂಡು ನಡೆದು ಹೋದರು, ನಾನು ಆಟೋ ಕರೆಯುತ್ತೇನೆಂದರೂ ಕೇಳಲಿಲ್ಲ.

ಹಾಗೆಂದು ನಾನು ಯಾರಿಗೂ ಸುಳ್ಳು ಹೇಳಿದವನಲ್ಲ. ಕೆಟ್ಟಿದೆ ಎಂದರೆ ಕೆಟ್ಟಿದೆ. ಕಾಯುತ್ತಿದೆ ಎಂದು ನಾನು ಹೇಳಿದ ಒಂದೆರಡು ಸಲವೂ ಊರು ಬಿಟ್ಟವರು ಮರಳಿ ಬಂದಿದ್ದಾರೆ. ಅದಕ್ಕೇ ಜನ ಬೈದುಕೊಂಡಾದರೂ ನನ್ನ ಹತ್ತಿರವೇ ಬರುತ್ತಾರೆ.

ಅಂಗಡಿಯಲ್ಲಿ ಆಹ್ವಾನ ಪತ್ರಿಕೆಯ ಕೆಲಸಕ್ಕೆಂದೇ ಇರುವ ಕಂಪ್ಯೂಟರಿನ ಮುಂದೆ ಮೊದಲು ಕೂರುತ್ತಿದ್ದವಳು ಅನಸೂಯ. ಅವಳ ಅಪ್ಪ ಹಳೆಯ ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದವರು. ಅವರ ಬೆರಳಿನ ಚುರುಕು ಇವಳಿಗೆ ಬಂದಿತ್ತು, ಅವರ ಸಿಟ್ಟೂ ಬಂದಿತ್ತು. ನನ್ನನ್ನು ‘ಓನರ್ರೇ’ ಎಂದು ಕರೆಯುತ್ತಿದ್ದಳು. ಆ ಮಾತಿನಲ್ಲಿ ಮರ್ಯಾದೆ ಕಡಿಮೆ, ಛೇಡಿಸುವುದು ಜಾಸ್ತಿ. ಹುರಿಗಡಲೆ ತಿಂದ ಕೈಯಲ್ಲಿ ಕೀಬೋರ್ಡ್ ಮುಟ್ಟಬೇಡಿ, ಪೆನ್ ಡ್ರೈವನ್ನು ಸಿಕ್ಕಸಿಕ್ಕಲ್ಲಿ ಚುಚ್ಚಿ ತಂದು ನನ್ನ ಕಂಪ್ಯೂಟರಿಗೆ ಹಾಕಬೇಡಿ ಎಂದು ನನಗೇ ಕಾನೂನು ಮಾಡಿದ್ದಳು. ಬೆಳಿಗ್ಗೆ ಬಂದವಳೇ ಸ್ವಿಚ್ ಒತ್ತಿ, ಸೆರಗು ಸಿಕ್ಕಿಸಿಕೊಂಡು ಕುರ್ಚಿ ಎಳೆದು ಕೂರುವಷ್ಟರಲ್ಲಿ ಅದು ಎದ್ದು ತಯಾರಾಗಿರುತ್ತಿತ್ತು. ನಲವತ್ತು ದಾಟಿದ ಇಬ್ಬರು, ಮದುವೆಯಾಗದ ಇಬ್ಬರು, ಇಡೀ ದಿನ ಬೇರೆಯವರ ಮದುವೆಯ ಪತ್ರಿಕೆ ಮಾಡುತ್ತ ಕೂತಿರುತ್ತಿದ್ದೆವು. ಊರಿನವರು ನೋಡಿ ನಗುತ್ತಿದ್ದರು. ಅವರು ನಕ್ಕಿದ್ದರಲ್ಲಿ ತಪ್ಪೇನಿಲ್ಲ.

ನಮ್ಮೂರ ಪತ್ರಿಕೆಗಳ ಅಂಚಿನಲ್ಲಿ ಬರುವ ಮಾವಿನೆಲೆ ಮತ್ತು ಎರಡು ಗಿಳಿಗಳ ಚಿತ್ರ ಅವಳೇ ಕಂಪ್ಯೂಟರಿನಲ್ಲಿ ಬರೆದದ್ದು. ಒಂದು ಗಿಳಿ ಮುಂದೆ ನೋಡುತ್ತದೆ, ಇನ್ನೊಂದು ಕತ್ತು ತಿರುಗಿಸಿ ಹಿಂದೆ ನೋಡುತ್ತದೆ. ಇದ್ಯಾಕೆ ಹೀಗೆ ಎಂದು ಒಮ್ಮೆ ಕೇಳಿದ್ದೆ. ಎರಡೂ ಒಂದೇ ಕಡೆ ನೋಡುತ್ತ ಕೂತರೆ ಮಾತು ಶುರು ಮಾಡುವವರು ಯಾರು ಎಂದು ನನ್ನನ್ನೇ ಕೇಳಿದಳು. ಆಗ ನಾನು ಒಂದು ಮಾತು ಆಡಬಹುದಿತ್ತು. ಪ್ರಿಂಟರಿಗೆ ಕಾಗದ ತುಂಬಲು ಎದ್ದೆ.

ಅವಳ ಅಕ್ಕನಿಗೆ ಲಕ್ವ ಹೊಡೆಯಿತು. ಹೊಳೆಯಾಚೆಯ ಊರಿನಲ್ಲಿ ಅಕ್ಕನ ಸಂಸಾರ, ಸಣ್ಣ ಮಕ್ಕಳು. ಅಕ್ಕನ ಕೈಕಾಲು ಆಡುವವರೆಗೆ ಹೋಗಿರುತ್ತೇನೆ ಎಂದು ಅನಸೂಯ ಹೊರಟಳು. ಹೊರಡುವ ದಿನ ಅಂಗಡಿಗೆ ಬಂದು ಕಂಪ್ಯೂಟರ್ ಒರೆಸಿ, ಪರದೆಯ ಮೇಲೆ ತನ್ನ ಹಳೆಯ ವೇಲನ್ನು ಹೊದಿಸಿ ನಿಂತಳು. ನಾನು ಬಸ್ಸಿಗೆ ಚಿಲ್ಲರೆ ಇದೆಯಾ ಎಂದು ಕೇಳಿದೆ. ಇದೆ ಎಂದಳು. ಅಷ್ಟೇ ನಮ್ಮ ವಿದಾಯ. ಹೋಗಿ ಎರಡು ವರ್ಷ ಕಳೆದ ಮೇಲೆ ಅಕ್ಕ ಕೋಲು ಹಿಡಿದು ಓಡಾಡುತ್ತಿದ್ದಾರಂತೆ, ಅಡುಗೆಯನ್ನೂ ಮಾಡುತ್ತಿದ್ದಾರಂತೆ ಎಂಬ ಸುದ್ದಿಯನ್ನು ಸಿದ್ಲಿಂಗಮ್ಮ ಗಿರಣಿಗೆ ಬಂದವರಿಂದ ಕೇಳಿ ತಂದಳು. ಆಮೇಲೆ ಇನ್ನೂ ಒಂದು ವರ್ಷ ಹೋಯಿತು. ಅನಸೂಯ ಬರಲಿಲ್ಲ. ಅವಳ ಕಂಪ್ಯೂಟರ್ ಮಾತ್ರ ದಿನವೂ ಚಕ್ಕನೆ ಏಳುತ್ತಿತ್ತು. ಬೆಳಿಗ್ಗೆ ಬೀಗ ತೆಗೆದು ನಾನು ಮೊದಲು ಅದರ ಸ್ವಿಚ್ ಒತ್ತುತ್ತಿದ್ದೆ, ಇವತ್ತಾದರೂ ತಡವಾಗಲಿ ಎಂದುಕೊಳ್ಳುತ್ತಿದ್ದೆ. ಕಂಪ್ಯೂಟರ್ ಕೆಡಲಿ ಎಂದು ಹರಕೆ ಹೊತ್ತ ರಿಪೇರಿಯವನು ಲೋಕದಲ್ಲಿ ನಾನೊಬ್ಬನೇ ಇರಬೇಕು. ಅವಳು ಬರಬೇಕಿತ್ತು ನನಗೆ. ಅದನ್ನು ಸುತ್ತಿ ಬಳಸಿ ಹೇಳಿ ಏನು ಪ್ರಯೋಜನ.

ಶ್ರಾವಣದ ಒಂದು ಬೆಳಿಗ್ಗೆ ಸ್ವಿಚ್ ಒತ್ತಿದೆ. ಫ್ಯಾನ್ ತಿರುಗಿತು, ಹಸಿರು ದೀಪ ಹತ್ತಿತು, ಪರದೆ ಕಪ್ಪಗೇ ಉಳಿಯಿತು. ಕೈಯಲ್ಲಿದ್ದ ಪೊರಕೆ ಹಿಡಿದುಕೊಂಡೇ ನಿಂತೆ. ಅಂಗಡಿ ಗುಡಿಸಿ, ನೀರು ಚಿಮುಕಿಸಿ, ಊದುಬತ್ತಿ ಹಚ್ಚಿ ಬಂದರೂ ಅದು ಎದ್ದಿರಲಿಲ್ಲ. ಕೊನೆಗೆ ಎದ್ದಿತು. ಆಫ್ ಮಾಡಿ ಮತ್ತೆ ಹಾಕಿದೆ. ಮತ್ತೆ ಅಷ್ಟೇ ತಡ.

ಯಾರಿಗೂ ಹೇಳಬಾರದು ಎಂದುಕೊಂಡೆ. ಆದರೆ ಸಿದ್ಲಿಂಗಮ್ಮನ ಕಣ್ಣು ತಪ್ಪಿಸುವುದು ಉಂಟೆ. ಹುಬ್ಬಿನವರೆಗೆ ಹಿಟ್ಟು ಮೆತ್ತಿಕೊಂಡು ಟೀ ಲೋಟ ಹಿಡಿದು ಬಂದವಳು ನನ್ನ ಮುಖ ನೋಡಿದಳು, ಕಪ್ಪು ಪರದೆ ನೋಡಿದಳು, ಟೀ ಅಲ್ಲೇ ಇಟ್ಟು ವಾಪಸ್ಸು ಹೋದಳು. ಬರುವಾಗ ಅವಳ ಕೈಯಲ್ಲಿ ಅರಿಶಿನದ ದಾರ ಇತ್ತು. ಮೊದಲು ಪರೀಕ್ಷೆ ಮಾಡಬೇಕು, ಆಮೇಲೆ ಕಟ್ಟಿದರಾಯಿತು ಎಂದು ನಾನು ಹೇಳಿದೆ. ಅವಳು ಕೇಳಿಸಿಕೊಳ್ಳದೆ ಕಂಪ್ಯೂಟರಿನ ಡಬ್ಬಕ್ಕೆ ದಾರ ಸುತ್ತಿ ಗಂಟು ಹಾಕಿದಳು. ಸಂಜೆಯೊಳಗೆ ಬೀದಿಗೆಲ್ಲ ಗೊತ್ತಾಯಿತು. ಹೂವಿನವಳು ಪುಕ್ಕಟೆ ಒಂದು ಮೊಳ ಮಲ್ಲಿಗೆ ಕೊಟ್ಟು ಹೋದಳು. ಹಾಲಸ್ವಾಮಿ ಮೇಷ್ಟ್ರು ಬಂದು ದಾರವನ್ನು ನೋಡುತ್ತ ನಿಂತು, ನನ್ನ ಬೆನ್ನು ತಟ್ಟಿ ಹೋದರು. ಅವರ ಕೈ ಬಿದ್ದ ಜಾಗ ನನಗೆ ತುಂಬ ಹೊತ್ತು ಭಾರವಾಗಿತ್ತು.

ಮರುದಿನದಿಂದ ನಾನು ಮನುಷ್ಯನಂತೆ ಇರಲಿಲ್ಲ. ಅವಳ ಕುರ್ಚಿಯ ಮುರಿದ ಕೈ ಸರಿ ಮಾಡಿಸಿದೆ. ಕಿಟಕಿಗೆ ಪರದೆ ತಂದೆ. ಅವಳಿಗೆ ಇಷ್ಟವೆಂದು ಸೇರುಗಟ್ಟಲೆ ಹುರಿಗಡಲೆ ತಂದು ಡಬ್ಬದಲ್ಲಿ ತುಂಬಿಟ್ಟೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದು ಎಂದು ಊರಿನವರಿಗೆ ನಾನೇ ಎಷ್ಟು ಸಲ ಹಾಸ್ಯ ಮಾಡಿಲ್ಲ. ಈಗ ನನ್ನ ಮನೆಯಲ್ಲೇ ಕುಲಾವಿ ತಯಾರಾಗುತ್ತಿತ್ತು. ಹೆಚ್ಚು ಹಾಕುವ ಒಂದು ಹಿಡಿ ಅಕ್ಕಿಯ ಅನ್ನ ದಿನವೂ ಉಳಿಯುತ್ತಿತ್ತು, ಬೆಳಿಗ್ಗೆ ಅದನ್ನೇ ಚಿತ್ರಾನ್ನ ಮಾಡಿ ತಿನ್ನುತ್ತಿದ್ದೆ.

ಆದರೂ ಹಾಳು ಕಸುಬು ಸುಮ್ಮನೆ ಬಿಡುತ್ತದೆಯೇ. ಡಬ್ಬ ಬಿಚ್ಚದೆಯೇ ಮಾಡಬಹುದಾದ ಪರೀಕ್ಷೆಗಳಿರುತ್ತವೆ. ಆನ್ ಆಗುವಾಗ ಏನೇನು ತಾನಾಗಿ ಶುರುವಾಗುತ್ತದೆ ಎಂದು ನೋಡಿದೆ. ಅನಸೂಯ ಇಟ್ಟಿದ್ದಂತೆಯೇ ಇತ್ತು, ಬೇಡದ್ದು ಒಂದೂ ಇರಲಿಲ್ಲ. ವೈರಸ್ ಹುಡುಕಿದೆ, ಸಿಗಲಿಲ್ಲ. ಜಾಗ ತುಂಬಿದೆಯೇ ಎಂದು ನೋಡಿದೆ, ಬೇಕಾದಷ್ಟು ಖಾಲಿ ಇತ್ತು. ಇತ್ತೀಚೆಗೆ ಹೊಸದಾಗಿ ಏನಾದರೂ ಸೇರಿಕೊಂಡಿದೆಯೇ ಎಂದು ಹುಡುಕಿದೆ, ಅದೂ ಇಲ್ಲ. ಬೇರೆ ದಿನಗಳಲ್ಲಿ ತೊಂದರೆ ಸಿಗದಿದ್ದರೆ ನನಗೆ ತಲೆ ಕೆಡುತ್ತದೆ. ಈ ಸಲ ಒಂದೊಂದು ಪರೀಕ್ಷೆ ಮುಗಿದಾಗಲೂ ಎದ್ದು ಅಂಗಡಿಯಲ್ಲೇ ಒಂದು ಸುತ್ತು ಹಾಕಿ ಬರುವಷ್ಟು ಸಂತೋಷವಾಗುತ್ತಿತ್ತು. ಎಲ್ಲ ಮಾಡಿದೆ, ಒಂದನ್ನು ಬಿಟ್ಟು. ಹಾರ್ಡ್ ಡಿಸ್ಕಿನ ಪರೀಕ್ಷೆ. ಇಂಥ ಕಾಯಿಲೆಯಲ್ಲಿ ಎಲ್ಲಕ್ಕಿಂತ ಮುಂಚೆ ಮಾಡಬೇಕಾದದ್ದೇ ಅದು. ನಾಳೆ ಮಾಡಿದರಾಯಿತು ಎಂದು ಮುಂದೂಡುತ್ತ ಹೋದೆ.

ಕಂಪ್ಯೂಟರ್ ದಿನದಿನಕ್ಕೆ ಇನ್ನೂ ನಿಧಾನವಾಯಿತು. ಬರುವವರು ಹತ್ತಿರ ಬಂದಷ್ಟೂ ವಸ್ತುಗಳು ಹೆಚ್ಚು ಕಾಯುತ್ತವೆ ಎಂದು ಬೀದಿಯವರು ಸಮಾಧಾನ ಹೇಳಿದರು. ಆದರೆ ಒಳಗಿನಿಂದ ಸಣ್ಣಗೆ ಒಂದು ಸದ್ದು ಬರತೊಡಗಿತ್ತು. ಟಿಕ್, ಸ್ವಲ್ಪ ಬಿಟ್ಟು ಮತ್ತೆ ಟಿಕ್. ನಾನು ರೇಡಿಯೋದ ದನಿ ಜೋರು ಮಾಡಿದೆ.

ಒಂದು ಮಧ್ಯಾಹ್ನ ಸಿದ್ಲಿಂಗಮ್ಮ ಬಂದು ರೇಡಿಯೋ ಆರಿಸಿದಳು. ಡಬ್ಬಕ್ಕೆ ಕಿವಿ ಹಚ್ಚಿ ಕೂತಳು. ಗಿರಣಿಯ ಗದ್ದಲದಲ್ಲಿ ಆಯಸ್ಸು ಕಳೆದವಳಿಗೆ ಸಣ್ಣ ಸದ್ದು ಕೇಳಿಸುವುದಿಲ್ಲ ಎಂದು ನನ್ನ ಎಣಿಕೆಯಾಗಿತ್ತು.

“ಪಾಲಾಕ್ಷ, ನನ್ನ ಮಗಳ ಮಿಷನ್ನು ಕಾಯೋವಾಗ ಒಂದು ಸದ್ದು ಮಾಡ್ಲಿಲ್ಲ ಕಣೋ,” ಎಂದಳು. “ಗಿರಣಿ ಬೇರಿಂಗು ಹೋಗೋ ಮುಂಚೆ ಮಾತ್ರ ಹಿಂಗೇ ಟಿಕ್ಕು ಟಿಕ್ಕು ಅಂತಿತ್ತು.”

ಅವಳು ತನ್ನ ಸೆರಗಿನಿಂದಲೇ ಡಬ್ಬದ ಮೇಲೆ ಬಿದ್ದ ಹಿಟ್ಟು ಒರೆಸಿದಳು. ಊರಿನವರಿಗೆಲ್ಲ ಮುಖಕ್ಕೆ ಹೊಡೆದಂತೆ ಹೇಳುವವನು ನೀನು, ನಿನ್ನ ಸರದಿ ಬಂದಾಗ ರೇಡಿಯೋ ಹಾಕಿಕೊಂಡು ಕೂತರೆ ಹೇಗೆ ಎಂದು ಕೇಳಿದಳು. ಬೈಗುಳದ ಧಾಟಿಯಲ್ಲಿ ಕೇಳಿದ್ದರೆ ನಾನೂ ತಿರುಗಿ ಬೈಯುತ್ತಿದ್ದೆ. ಮೆತ್ತಗೆ ಕೇಳಿದಳು.

ಡಿಸ್ಕ್ ಪರೀಕ್ಷೆಗೆ ಹಾಕಿದೆ. ಪರದೆಯ ಮೇಲೆ ಕೆಂಪು ಸಾಲುಗಳು ಒಂದರ ಕೆಳಗೊಂದು ಬಂದವು. ಡಿಸ್ಕ್ ಸಾಯುತ್ತಿತ್ತು. ಯಾರಿಗಾಗಿಯೂ ಕಾಯುತ್ತಿರಲಿಲ್ಲ. ವಯಸ್ಸಾಗಿತ್ತು, ಅಷ್ಟೆ. ಹಾಗೆಯೇ ಬಿಟ್ಟರೆ ಇಷ್ಟರಲ್ಲೇ ಒಂದು ಬೆಳಿಗ್ಗೆ ಅದು ಏಳುವುದೇ ಇಲ್ಲ, ಅವಳು ಅಷ್ಟು ವರ್ಷ ಕೂತು ಮಾಡಿದ ಪತ್ರಿಕೆಗಳೆಲ್ಲ ಅದರ ಜೊತೆ ಹೋಗುತ್ತವೆ. ದಾರ ಬಿಚ್ಚಿದರೆ ಆಸೆ ಹೋಗುತ್ತದೆ, ಬಿಚ್ಚದಿದ್ದರೆ ಅವಳ ಕೈಯಿಂದ ಉಳಿದದ್ದೆಲ್ಲ ಹೋಗುತ್ತದೆ. ಅಡಕತ್ತರಿಯಲ್ಲಿ ಸಿಕ್ಕಿದ ಅಡಿಕೆಯ ಪಾಡು ನನ್ನದಾಯಿತು. ಸಿದ್ಲಿಂಗಮ್ಮನೇ ಮುಂದೆ ಬಂದು, ಕಟ್ಟಿದವಳು ನಾನು, ಬಿಚ್ಚುವವಳೂ ನಾನೇ ಎಂದು ಗಂಟಿಗೆ ಕೈ ಹಾಕಿದಳು. ಗಂಟು ಬಿಗಿದಿತ್ತು. ಹಲ್ಲಿನಿಂದ ಕಚ್ಚಿ ಬಿಚ್ಚಿದಳು. ನಾನು ಸ್ಕ್ರೂ ಡ್ರೈವರ್ ಹಿಡಿದು ಡಬ್ಬ ತೆರೆದೆ.

ಹಳೆಯ ಡಿಸ್ಕಿನಲ್ಲಿದ್ದುದನ್ನು ಹೊಸದಕ್ಕೆ ತುಂಬಲು ಎರಡು ದಿನ ಹಿಡಿಯಿತು. ಮುದಿ ಎತ್ತನ್ನು ದಿಬ್ಬ ಹತ್ತಿಸಿದ ಹಾಗೆ, ನಿಲ್ಲಿಸಿ ನಿಲ್ಲಿಸಿ, ಆರಲು ಬಿಟ್ಟು ಬಿಟ್ಟು ತೆಗೆದೆ. ಪತ್ರಿಕೆಗಳ ಮಾತುಗಳೆಲ್ಲ ಬಂದವು. ಅವಳ ಗಿಳಿಗಳ ಅಂಚು ಇದ್ದ ಜಾಗವೇ ಸತ್ತುಹೋಗಿತ್ತು, ಅದೊಂದು ಬರಲಿಲ್ಲ. ಬೇರೆ ಕಡೆ ಒಂದು ನಕಲು ತೆಗೆದಿಡಬೇಕು ಎಂದು ಬಂದವರಿಗೆಲ್ಲ ಪಾಠ ಹೇಳುವವನು ನಾನು. ಅದು ದಿನಾ ಕಣ್ಣೆದುರಿಗೆ ಇರುತ್ತದಲ್ಲ ಎಂದು ಇದನ್ನು ಮಾತ್ರ ತೆಗೆದಿಟ್ಟಿರಲಿಲ್ಲ.

ಹೊಸ ಡಿಸ್ಕ್ ಹಾಕಿ ಸ್ವಿಚ್ ಒತ್ತಿದೆ. ಬೆರಳು ತೆಗೆಯುವಷ್ಟರಲ್ಲಿ ಎದ್ದಿತು. ಅಷ್ಟು ಬೇಗ ಅದು ಅನಸೂಯ ಇದ್ದಾಗಲೂ ಎದ್ದಿರಲಿಲ್ಲ. ನನಗೆ ಅಳು ಬಂತು. ಗಿರಾಕಿ ಯಾರೂ ಇರಲಿಲ್ಲ, ಅತ್ತುಬಿಟ್ಟೆ. ಬೀದಿಯವರು ಆಮೇಲೆ ಒಂದು ಮಾತೂ ಎತ್ತಲಿಲ್ಲ. ಹೂವಿನವಳು ನನ್ನ ಅಂಗಡಿ ಬಂದಾಗ ಕೂಗುವುದನ್ನು ನಿಲ್ಲಿಸಿ ಮುಂದೆ ಹೋಗಿ ಕೂಗುತ್ತಿದ್ದಳು. ಮೇಷ್ಟ್ರು ಒಂದು ದಿನ ಬಂದು ನನ್ನ ಎದುರು ಕೂತು ಪೇಪರ್ ಓದಿ ಎದ್ದು ಹೋದರು. ಅವರ ಕಂಪ್ಯೂಟರ್ ಸರಿ ಮಾಡಿದ ದಿನ ನಾನು ಅವರ ಹತ್ತಿರ ಹೀಗೆ ಕೂರಬೇಕು ಎಂದು ನನಗೆ ಹೊಳೆದಿರಲಿಲ್ಲ.

ಆ ವಾರದ ಕೊನೆಗೆ ಸಿದ್ಲಿಂಗಮ್ಮನ ಮಗಳೇ ಅಂಗಡಿಗೆ ಬಂದಳು. ಟ್ರಂಕು ಹಿಡಿದು ವಾಪಸ್ಸು ಬಂದಿದ್ದವಳಿಗೆ ಈಗ ಇನ್ನೊಂದು ಮದುವೆ ನಿಶ್ಚಯವಾಗಿತ್ತು. ಪತ್ರಿಕೆ ಸಣ್ಣದಾಗಿರಲಿ, ಹೆಚ್ಚು ಜನರನ್ನು ಕರೆಯುವುದಿಲ್ಲ, ಆದರೆ ಗಿಳಿಯ ಅಂಚು ಬೇಕೇ ಬೇಕು ಎಂದಳು. ಗಿಳಿ ಹೋಯಿತಮ್ಮ, ನವಿಲು ಹಾಕಿ ಕೊಡುತ್ತೇನೆ ಎಂದೆ. ಮೊದಲ ಮದುವೆಯ ಪತ್ರಿಕೆಗೆ ನವಿಲೇ ಹಾಕಿಸಿದ್ದೆವು ಎಂದಳು. ಹೊರಡುವಾಗ ಅವಳು, ಅನಸೂಯಕ್ಕನ ಹತ್ತಿರ ಇರಬಹುದು, ಒಂದು ಫೋನ್ ಮಾಡಿ ಕೇಳಿ ಎಂದಳು. ಬಾ ಎಂದು ಕರೆಯುವುದಲ್ಲವಲ್ಲ, ಗಿಳಿ ಕೇಳುವುದು ತಾನೇ ಎಂದೂ ಸೇರಿಸಿದಳು.

ಅನಸೂಯಳ ನಂಬರ್ ಮೂರು ವರ್ಷದಿಂದ ನನ್ನ ಫೋನಿನಲ್ಲಿ ಸುಮ್ಮನೆ ಬಿದ್ದಿತ್ತು. ಸಂಜೆ ಬೀದಿಯಲ್ಲಿ ಜನ ಕಡಿಮೆಯಾಗಲಿ ಎಂದು ಕಾದು ಒತ್ತಿದೆ. ತಕ್ಷಣ ಎತ್ತಿದಳು. ಹಿಂದೆ ಮಕ್ಕಳ ಗಲಾಟೆ ಇತ್ತು, ಅವಳು ಎದ್ದು ಎಲ್ಲೋ ನಡೆದು ಹೋಗಿರಬೇಕು, ಗಲಾಟೆ ನಿಂತಿತು. ನಾನು ಡಿಸ್ಕಿನ ವಿಷಯ, ಗಿಳಿಗಳ ವಿಷಯ ಒಂದೇ ಉಸಿರಿಗೆ ಹೇಳಿದೆ. ನಕಲು ಇದೆಯಾ ಎಂದು ಕೇಳಿದೆ.

“ನಕಲು ಎಲ್ಲಿಂದ ಬರುತ್ತೆ ಓನರ್ರೇ,” ಎಂದಳು. ದನಿ ಸ್ವಲ್ಪವೂ ಬದಲಾಗಿರಲಿಲ್ಲ. “ಕೈಯಲ್ಲಿದೆ. ಕೂತ್ರೆ ಮತ್ತೆ ಬರೀತೀನಿ.”

ಕೂರಲು ಕುರ್ಚಿ ಇಲ್ಲಿದೆ ಎಂದು ಬಾಯಿಗೆ ಬಂತು, ಹೇಳಲಿಲ್ಲ. ಆಮೇಲೆ ಅವಳು, ಕಂಪ್ಯೂಟರ್ ನಿಧಾನ ಆಗಿತ್ತಾ ಎಂದು ಕೇಳಿದಳು. ಆಗಿತ್ತು ಎಂದೆ.

“ಯಾವಾಗ?”

“ಈ ಶ್ರಾವಣದಲ್ಲಿ.”

“ಅದಕ್ಕೂ ಮುಂಚೆ?”

“ಇಲ್ಲ.”

ಅವಳು ಉಸಿರು ಬಿಟ್ಟದ್ದು ನನಗೆ ಕೇಳಿಸಿತು. “ನೀವು ಬಾ ಅಂತ ಕರೆಯಲ್ಲ, ಅದು ನಂಗೆ ಗೊತ್ತಿತ್ತು. ನಾನೂ ಅದೇ ಊರೋಳಲ್ವಾ,” ಎಂದಳು. “ಆದ್ರೆ ನನ್ನ ಕಂಪ್ಯೂಟರ್ ಹೆಂಗಿದೆ ಅಂತ ಹೇಳೋಕಾದ್ರೂ ಫೋನ್ ಮಾಡ್ತೀರ ಅಂದ್ಕೊಂಡಿದ್ದೆ. ಅಕ್ಕ ಎದ್ದು ಓಡಾಡೋಕೆ ಶುರು ಮಾಡಿದ ಮೇಲೂ ದಿನಾ ಕಾದೆ. ನಿಮ್ಮ ಫೋನ್ ಬರ್ಲಿಲ್ಲ. ಹಂಗಾದ್ರೆ ಅದು ನಿಧಾನ ಆಗಿಲ್ಲ, ನಂಗೇ ಬರೋ ಮನಸ್ಸಿಲ್ಲ ಅಂತ ತಿಳ್ಕೊಂಡು ಇಲ್ಲೇ ಉಳಿದೆ.”

ಇಲ್ಲಿ ನಾನು ಅವಳ ಮನಸ್ಸು ತಿಳಿಯಲು ಕಂಪ್ಯೂಟರ್ ನೋಡುತ್ತ ಕೂತಿದ್ದೆ, ಅಲ್ಲಿ ಅವಳು ತನ್ನ ಮನಸ್ಸು ತಿಳಿಯಲು ನನ್ನ ಫೋನ್ ನೋಡುತ್ತ ಕೂತಿದ್ದಳು. ಇಂಥ ದಡ್ಡತನ ನಮ್ಮೂರಿನವರಿಗಲ್ಲದೆ ಬೇರೆ ಯಾರಿಗೂ ಸಾಧ್ಯವಿಲ್ಲ.

“ಈಗ ಹೆಂಗಿದೆ? ಬೇಗ ಏಳುತ್ತಾ?” ಎಂದು ಕೇಳಿದಳು.

ಇಲ್ಲ, ನಿಧಾನ ಎಂದುಬಿಟ್ಟರೆ ಅವಳು ನಂಬುತ್ತಿದ್ದಳು. ಕಂಪ್ಯೂಟರ್ ವಿಷಯದಲ್ಲಿ ನನ್ನ ಮಾತನ್ನು ಇಡೀ ಊರು ನಂಬುತ್ತದೆ. ಆದರೆ ಮೇಷ್ಟ್ರಿಗೆ ಹೇಳದ ಸುಳ್ಳನ್ನು ಇವಳಿಗೆ ಹೇಳಲು ನಾಲಗೆ ಏಳಲಿಲ್ಲ.

“ತುಂಬ ಬೇಗ ಏಳುತ್ತೆ,” ಎಂದೆ. “ಅದು ಕಾಯ್ತಿಲ್ಲ ಅನಸೂಯಮ್ನೋರೆ. ಅದು ಯಾವತ್ತೂ ಕಾಯ್ಲಿಲ್ಲ. ನಾನು ಕಾಯ್ತಿದ್ದೆ. ಈಗ್ಲೂ ಕಾಯ್ತಿದೀನಿ. ಬನ್ನಿ.”

ಆ ಕೊನೆಯ ಮಾತು ನಮ್ಮೂರಿನಲ್ಲಿ ಯಾರೂ ಯಾರಿಗೂ ಫೋನಿನಲ್ಲಿ ಹೇಳುವುದಿಲ್ಲ. ಕರೆ ಕಡಿದುಹೋಯಿತೇ ಎಂದು ಫೋನನ್ನು ಕಿವಿಯಿಂದ ತೆಗೆದು ನೋಡಿದೆ. ಕೊನೆಗೆ ಅವಳು, ಕರೆದರು ಎಂದು ಬಂದರೆ ನಾಳೆ ಬೀದಿ ನಲ್ಲಿಯಲ್ಲಿ ಏನು ಹೇಳಿಸಿಕೊಳ್ಳಬೇಕು ಗೊತ್ತಿದೆಯಲ್ಲ ಎಂದಳು. ಗೊತ್ತಿದೆ ಎಂದೆ.

“ಬೆಳಿಗ್ಗೆ ಆನ್ ಮಾಡಿ ನೋಡಿ,” ಎಂದಳು. “ಹೆಂಗಿದೆ ಅಂತ ನಂಗೊಂದು ಮಾತು ಹೇಳಿ. ನಂಗೂ ಗೊತ್ತಾಗ್ಬೇಕು.”

ಬೆಳಿಗ್ಗೆ ಹೋಗಿ ಬೀಗ ತೆಗೆದೆ. ಹೊಸ ಡಿಸ್ಕ್, ಹಾಕಿ ಇನ್ನೂ ವಾರ ತುಂಬಿರಲಿಲ್ಲ. ಹಿಂದಿನ ಸಂಜೆ ಮುಚ್ಚುವ ಮುಂಚೆಯೂ ಅದು ಬೆರಳು ತೆಗೆಯುವಷ್ಟರಲ್ಲೇ ಎದ್ದಿತ್ತು. ಅದು ಕೆಡಲು ಒಂದು ಕಾರಣವೂ ಇಲ್ಲ ಎಂಬುದು ನನಗಿಂತ ಚೆನ್ನಾಗಿ ಗೊತ್ತಿರುವವರು ಊರಿನಲ್ಲಿಲ್ಲ. ಸ್ವಿಚ್ಚಿನ ಮೇಲೆ ಬೆರಳಿಟ್ಟು ತುಂಬ ಹೊತ್ತು ನಿಂತಿದ್ದೆ. ಒತ್ತದಿದ್ದರೆ ಇನ್ನೂ ಆಸೆ ಇರುತ್ತದೆ. ಪಕ್ಕದಲ್ಲಿ ಗಿರಣಿ ಶುರುವಾದ ಸದ್ದು ಬಂತು. ಒತ್ತಿದೆ.

ಫ್ಯಾನ್ ತಿರುಗಿತು. ಹಸಿರು ದೀಪ ಹತ್ತಿತು. ಪರದೆ ಕಪ್ಪಗಿತ್ತು.

ಪೊರಕೆ ತೆಗೆದುಕೊಂಡು ಅಂಗಡಿ ಗುಡಿಸಿದೆ. ನೀರು ಚಿಮುಕಿಸಿದೆ. ತಿರುಗಿ ನೋಡುವ ಧೈರ್ಯ ಬರಲಿಲ್ಲ, ಊದುಬತ್ತಿ ಹಚ್ಚಿ ದೇವರ ಪಟದ ಮುಂದೆಯೇ ನಿಂತುಬಿಟ್ಟೆ. ಸಿದ್ಲಿಂಗಮ್ಮ ಟೀ ತಂದಳು. ಕಪ್ಪು ಪರದೆ ನೋಡಿದಳು, ನನ್ನನ್ನು ನೋಡಿದಳು. ಮಂಡಿಯೂರಿ ಕೂತು ಡಬ್ಬಕ್ಕೆ ಕಿವಿ ಹಚ್ಚಿದಳು. ಗಿರಣಿ ನಿಲ್ಲಿಸಲು ಮಗಳಿಗೆ ಕೂಗಿ ಹೇಳಿ, ಮತ್ತೆ ಕಿವಿ ಹಚ್ಚಿದಳು. ಬೀದಿಯೇ ನಿಶ್ಶಬ್ದವಾಯಿತು. ಟಿಕ್ ಎಂಬ ಸದ್ದು ಇರಲಿಲ್ಲ. ಅವಳು ಎದ್ದು ಮೊಣಕಾಲಿನ ಧೂಳು ಕೊಡವಿ ದಾರ ತರಲು ಹೋದಳು.

ನಾನು ಸ್ಕ್ರೂ ಡ್ರೈವರನ್ನು ಮೇಜಿನ ಖಾನೆಗೆ ಹಾಕಿ ಮುಚ್ಚಿದೆ. ಆಮೇಲೆ ಫೋನ್ ಒತ್ತಿದೆ. ಒಂದೇ ರಿಂಗಿಗೆ ಎತ್ತಿದಳು.

“ಹೇಳಿ ಓನರ್ರೇ.”

“ಇನ್ನೂ ಎದ್ದಿಲ್ಲ,” ಎಂದೆ.